ಉಳಿಯ ಏಟಿಗೆ ಮುನ್ನ
(ಬಾನುಲಿ ಭಾಷಣ)



ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ ಶಾಸನ ಕ್ರಿ.ಶ. 450ರ ಸುಮಾರಿನದೆಂದು ವಿದ್ವಾಂಸರ ಎಣಿಕೆ. ಶಾಸನದ ಪಾಠವನ್ನು ಉಳಿಯ ಏಟು ಬೀಳುವ ಮುನ್ನ ತಿದ್ದಬಹುದು. ಬಿದ್ದ ಮೇಲೆ ತಿದ್ದುವುದು ಕಷ್ಟ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಡೆಯಿಂದ ಓದಿಹೋಗಿ ಜಾಲತಾಣಗಳನ್ನು ಕಟ್ಟುವ ಕೆಲಸ ಹಿಡಿದ ತರುಣರಿಗೆ ಈ ಮಾತು ಸಲ್ಲುತ್ತದೆ. ಬ್ರೌಸರಿಗೆ ಹೊಸ ಸೌಲಭ್ಯ ಬೇಕೆಂಬ ಪ್ರಸ್ತಾವಗಳನ್ನೂ ಅವುಗಳ ಸುತ್ತಣ ವಾದವಿವಾದಗಳನ್ನೂ ಅವರು ಹೇಗೆ ಓದಬೇಕು?

ಮೊದಲಿಗೆ ಒಂದು ನಿದರ್ಶನ. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ಇಂದಿನ ‘ಮಳೆ’ ಅಂದು ‘ಮೞೆ’. ಹೊಯ್ಸಳರ ಕಾಲದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಕುರಿತು ವಿಚಾರ ಮಾಡಿದ್ದಾನೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ ಮಾನಕದಲ್ಲಿ ಈ ಅಕ್ಷರಕ್ಕೆ ಇಂಗ್ಲಿಷಿನ ಎಫ್ ಧ್ವನಿಯನ್ನು ಸೂಚಿಸುವ ‘ಫ಼’ ಎಂಬ ತಪ್ಪು ಹೆಸರು ಬಿದ್ದಿತು. ತಪ್ಪು ತಿಳಿದ ಮೇಲೂ ಅದನ್ನು ಅಳಿಸಲಿಲ್ಲ. ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಸೇರಿಸಿದರು. ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಇದು ಹಟವಲ್ಲ, ಆ ಹೆಸರನ್ನು ನಂಬಿ ರಚಿತವಾದ ಕೆಲಸ ಕೆಡಬಾರದೆಂಬ ಎಚ್ಚರ. ಬ್ರೌಸರಿನ ಸೌಲಭ್ಯಗಳ ಪಾಡೂ ಇದೇ. ಅಸಂಖ್ಯ ಪುಟಗಳು ಆಶ್ರಯಿಸಿದ ಮೇಲೆ ಅವನ್ನು ಹಿಂತೆಗೆಯುವುದು ದುಸ್ಸಾಧ್ಯ. ಆದುದರಿಂದಲೇ ವಾದ ಮೊದಲೇ ನಡೆಯುತ್ತದೆ, ದೀರ್ಘವಾಗಿ ನಡೆಯುತ್ತದೆ.

ಅದನ್ನು ಓದುವವನು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಮೊದಲನೆಯದು: ಇದು ಯಾವ ಹಂತದ ಮಾತು? ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನಲ್ಲಿ ಕರಡು ಹಲವು ಹಂತ ದಾಟಿ ಶಿಫಾರಸಾಗುತ್ತದೆ. ಕರಡನ್ನೇ ತೀರ್ಮಾನವೆಂದು ಬಗೆಯಬಾರದು. ಎರಡನೆಯದು: ಒಪ್ಪಿದವರು ಯಾರು? ಬ್ರೌಸರುಗಳ ಒಳಗೆ ದುಡಿಯುವ ಯಂತ್ರಗಳಲ್ಲಿ ಬ್ಲಿಂಕ್, ವೆಬ್‌ಕಿಟ್, ಗೆಕೊ ಎಂಬ ಮೂರು ಮುಖ್ಯವಾದವು. ಒಂದರಲ್ಲಿ ಮಾತ್ರ ಬಂದುದು ಸರ್ವಸಮ್ಮತವಲ್ಲ. ಉಳಿದವರ ಆಕ್ಷೇಪಣೆಯನ್ನು ಪ್ರಸ್ತಾವದಷ್ಟೇ ಶ್ರದ್ಧೆಯಿಂದ ಓದಬೇಕು.

ಮೂರನೆಯದು ನಮಗೆ ಹತ್ತಿರದ ಪ್ರಶ್ನೆ: ಇದು ನಮ್ಮ ಲಿಪಿಗೆ ಹೊಂದುತ್ತದೆಯೆ? 2023ರಲ್ಲಿ ಹೊರಬಂದ ಯೂನಿಕೋಡಿನ 15.1ನೆಯ ಆವೃತ್ತಿಯು ಸಂಯುಕ್ತಾಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ತಂದಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ‘ಸ್ತ್ರೀ’ ಎಂಬುದು ಕನ್ನಡಿಗನ ಕಣ್ಣಿಗೆ ಒಂದೇ ಅಕ್ಷರ. ಆ ಎಣಿಕೆಯಲ್ಲಿ ಮೂರು ತುಂಡು. ಮೊದಲಕ್ಷರವನ್ನು ಹಿರಿದಾಗಿಸುವಾಗ, ಅಕ್ಷರಗಳ ನಡುವೆ ಅಂತರ ಬಿಡುವಾಗ ಇಂಥ ಎಣಿಕೆ ಪುಟವನ್ನು ಕೆಡಿಸಬಲ್ಲದು.

ಇದನ್ನು ಅವಮಾನವೆಂದು ಕನಲುವುದು ಸುಲಭ. ನಮಗೇಕೆಂದು ಸುಮ್ಮನಿರುವುದು ಇನ್ನೂ ಸುಲಭ. ಕನ್ನಡದ ಪದಗಳನ್ನು ಬೇರೆ ಬೇರೆ ಬ್ರೌಸರುಗಳಲ್ಲಿ ಪರೀಕ್ಷಿಸಿ, ಎಲ್ಲಿ ಒಡೆಯುತ್ತದೆ, ಏಕೆ ಒಡೆಯಬಾರದು ಎಂದು ನಿದರ್ಶನಸಹಿತ ಬರೆದು ತಿಳಿಸುವುದೇ ಫಲಕೊಡುವ ದಾರಿ. ಆ ಚರ್ಚೆಗಳು ಬಹುಮಟ್ಟಿಗೆ ಬಹಿರಂಗವಾಗಿಯೇ ನಡೆಯುತ್ತವೆ. ಅಲ್ಲಿ ಕನ್ನಡದ ಪರವಾಗಿ ಸಾಕ್ಷಿ ನುಡಿಯಬೇಕಾದವರು ಕನ್ನಡ ಬಲ್ಲ ಈ ತರುಣರೇ. ಏಟು ಬೀಳುವ ಮುನ್ನ ನುಡಿಯಲಿ.