ಗಾಯ ಒಣಗಬೇಕು



ಗಟ್ಟಿಯಾದುದು ಮುರಿಯುವುದಿಲ್ಲ, ಮುರಿಯುವುದು ಗಟ್ಟಿಯಲ್ಲ ಎಂದು ಲೋಕ ತಿಳಿದಿದೆ. ಈ ತಿಳಿವಳಿಕೆ ಪೂರ್ತಿ ನಿಜವಲ್ಲವೆಂಬುದನ್ನು ನಮಗೆ ಒಂದು ಕಳ್ಳಿಗಿಡ ತೋರಿಸಿಕೊಟ್ಟಿತು.

ಅಮೆರಿಕದ ಅರಿಜೋನಾ ಪ್ರಾಂತದಲ್ಲಿ ಟೂಸಾನ್ ಎಂಬ ಊರಿದೆ. ಸೊನೋರಾ ಮರುಭೂಮಿಯ ಊರು. ವರ್ಷದ ಮಳೆ ಸುಮಾರು 280 ಮಿಲಿಮೀಟರು ಮಾತ್ರ. ಬೇಸಿಗೆಯ ಬಿಸಿ 40 ಡಿಗ್ರಿ ದಾಟುತ್ತದೆ. ಚಳಿಗಾಲದ ಕೆಲವು ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಅಲ್ಲಿ ನೆಲೆಸಿರುವ ಭಕ್ತರೊಬ್ಬರ ಮನೆಯಲ್ಲಿ ನಾವು ಕೆಲವು ದಿನ ಇದ್ದೆವು. ಅವರ ಅಂಗಳದ ಕುಂಡಗಳಲ್ಲಿ ಟೆಫ್ರೊಕ್ಯಾಕ್ಟಸ್ ಎಂಬ ಕಳ್ಳಿ. ಅದರ ತವರು ಅರ್ಜೆಂಟೀನದ ಪಶ್ಚಿಮದ ಒಣನಾಡು. ಮಕ್ಕಳು ಉಂಡೆಯ ಮೇಲೆ ಉಂಡೆ ಪೇರಿಸಿದಂತೆ ಅದರ ಗಿಣ್ಣುಗಳು. ಬಿಸಿಲು, ಚಳಿ, ಬರ ಮೂರನ್ನೂ ತಾಳುವ ಆ ಗಿಡ, ಕೈ ತಾಗಿದರೆ ಸಾಕು, ಗಿಣ್ಣು ಕಳಚಿಕೊಳ್ಳುತ್ತದೆ. ಬಿದ್ದ ಗಿಣ್ಣು ಬೇರೆ ಗಿಡವಾಗುತ್ತದೆ. ಮುರಿಯುವುದೇ ಅದರ ವಂಶ ಬೆಳೆಯುವ ದಾರಿ.

ಆ ಭಕ್ತರ ತಂದೆ ಧಾರವಾಡ ಸೀಮೆಯಲ್ಲಿ ಒಕ್ಕಲುತನ ಮಾಡಿದವರು. ಮಡದಿ ತೀರಿಕೊಂಡ ಮೇಲೆ ಮಗನಲ್ಲಿಗೆ ಬಂದಿದ್ದರು. ಒಂದು ದಿನ ಅವರ ಧೋತರದ ಅಂಚು ತಾಗಿ ನಾಲ್ಕು ಗಿಣ್ಣು ಉದುರಿದವು. ಮಗ ನಮ್ಮೆದುರಿಗೇ, “ಯಪ್ಪಾ, ನೀ ಸುಮ್ಮನ ಒಳಗ ಕುಂದ್ರಬಾರ್ದೇನು?” ಎಂದುಬಿಟ್ಟರು. ಹಿರಿಯರು ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ, ಅದು ನಮ್ಮ ತಪ್ಪು.

ಮಗ ಎರಡು ಗಿಣ್ಣನ್ನು ಆಗಲೇ ನೆಟ್ಟು ನೀರು ಹೊಯ್ದರು. ಉಳಿದೆರಡನ್ನು ತಂದೆ ನೆರಳಿನಲ್ಲಿ ಹಲಗೆಯ ಮೇಲೆ ಹತ್ತು ದಿನ ಇಟ್ಟರು. “ಗಾಯ ಒಣಗೂತನಕ ನೀರು ಹಾಕಬಾರ್ದು” ಎಂದು ನಮಗಷ್ಟೇ ಕೇಳುವಂತೆ ಹೇಳಿದರು. ಹೊಲದ ಬೇಲಿಗೆ ಪಾಪಾಸುಕಳ್ಳಿ ನೆಟ್ಟ ಕೈ ಅವರದು. ಆ ಕಳ್ಳಿಯೂ ಇದೇ ಕುಲದ್ದು, ಅಮೆರಿಕ ಖಂಡದಿಂದಲೇ ನಮ್ಮ ನಾಡಿಗೆ ಬಂದುದು! ಬಳಿಕ ಗರಸು, ಮರಳು ಹೆಚ್ಚಾಗಿ ಬೆರೆಸಿದ ಮಣ್ಣಿನಲ್ಲಿ ಇಟ್ಟರು. ಬೇರು ಬಿಡುವ ತನಕ ನಡುಹಗಲಿನ ಬಿಸಿಲಿಗೆ ಮರೆ ಕಟ್ಟಿದರು. ಬೇರು ಹಿಡಿದ ಮೇಲೆ ನೀರು. ಅದೂ ಮಣ್ಣು ಪೂರ್ತಿ ಒಣಗಿದ ನಂತರ. ಚಳಿಗಾಲದಲ್ಲಿ ಒಣದಾಗಿಯೇ ಇಡಬೇಕು. ಹಸಿ ಬೇರಿಗೆ ಚಳಿ ಮೃತ್ಯು.

ನಾವು ಮರಳಿ ಬಂದ ಮೇಲೆ ಮಗನ ಪತ್ರ ಬಂತು. ಅವರು ನೆಟ್ಟವು ಕೊಳೆತವು, ತಂದೆ ನೆಟ್ಟವು ಚಿಗುರಿದವು. “ಅಂದು ಆಡಿದ ಮಾತಿಗೆ ಅಪ್ಪನ ಕ್ಷಮೆ ಕೇಳಿದೆ. ಈಗ ಅಂಗಳ ಅವರದೇ” ಎಂದು ಬರೆದಿದ್ದರು.

ಭಕ್ತರೇ, ಬೇರು ಬಿಟ್ಟುಬಂದ ಮುದುಕರು ನಿಮ್ಮ ಮನೆಗಳಲ್ಲೂ ಇರಬಹುದು. ಅವರಿಗೆ ಅನ್ನ, ಔಷಧಿ ಹೊಯ್ದ ಮಾತ್ರಕ್ಕೆ ಬೇರು ಹಿಡಿಯುವುದಿಲ್ಲ. ಗಾಯ ಒಣಗಲು ಅವಕಾಶ ಬೇಕು, ಕೈಗೆ ಒಂದು ಕೆಲಸ ಬೇಕು, ಕಾಲೂರಲು ತಮ್ಮದೆನ್ನುವ ಒಂದು ಹಿಡಿ ಮಣ್ಣು ಬೇಕು. ಇಂದು ಮನೆಗೆ ಹೋದ ಮೇಲೆ, ನಿಮ್ಮ ಹಿರಿಯರು ಎಲ್ಲಿ ಕುಳಿತಿದ್ದಾರೆಂದು ಒಮ್ಮೆ ನೋಡಿರಿ.