ಬೇಟೆಕೋವಿಯ ಬೆಲೆ ಇರುವುದೆಲ್ಲಿ?



ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಬಗ್ಗೆ ಹೇಳುವ ಕಥೆಗಳಲ್ಲಿ ಹುಲಿಬೇಟೆಯ ಕಥೆ ಬಹು ಪ್ರಸಿದ್ಧವಾದುದು. ಫ್ರೆಂಚ್ ಗೆಳೆಯನೊಬ್ಬನೊಡನೆ ಕಾಡಿಗೆ ಹೋಗಿದ್ದಾಗ ಹುಲಿ ಮೇಲೆರಗಿತಂತೆ. ಸುಲ್ತಾನ ಕೋವಿ ಎತ್ತಿದರೆ ಅದು ಹಾರಲೇ ಇಲ್ಲ. ಕೊನೆಗೆ ಕಠಾರಿಯಿಂದಲೇ ಹುಲಿಯನ್ನು ಕೊಂದನಂತೆ. ಇದು ದಂತಕಥೆಯೇ ಹೊರತು ಇತಿಹಾಸವಲ್ಲ. ಆದರೂ ಕೇಳಿದವರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅರಸನ ಕೈಯಲ್ಲಿದ್ದುದು ರಾಜ್ಯದಲ್ಲೇ ದುಬಾರಿಯಾದ ಕೋವಿ ಇರಬೇಕು. ಅದೇ ಹಾರದಿದ್ದರೆ ಹೆಚ್ಚಿನ ಬೆಲೆ ಕೊಟ್ಟು ಪಡೆದದ್ದೇನು?

ಅಕ್ಕಸಾಲಿಗರ ಅಂಗಡಿಯಲ್ಲಿ ಚಿನ್ನಕ್ಕೆ ತೂಕದ ಬೆಲೆ ಬೇರೆ, ಕೆಲಸದ ಮಜೂರಿ ಬೇರೆ. ಕಂಚಿನ ವಿಗ್ರಹಗಳಿಗೆ ಹೆಸರಾದ ನಾಗಮಂಗಲದಲ್ಲೂ ಲೋಹದ ಲೆಕ್ಕ ಒಂದು, ಕೈಕೆಲಸದ ಲೆಕ್ಕ ಇನ್ನೊಂದು. ಕೋವಿಯ ಬೆಲೆಯನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಅದರಲ್ಲಿ ಒಂದು ಪಾಲು ಗುರಿ ಮುಟ್ಟಿಸುವ ಕೆಲಸಕ್ಕೆ, ಒಂದು ಪಾಲು ಒಡೆಯನ ಅಂತಸ್ತಿಗೆ. ಕಾಲ ಸರಿದ ಮೇಲೆ ಇತಿಹಾಸವೂ ತನ್ನ ಪಾಲು ಕೇಳುತ್ತದೆ.

ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣ ಕೋವಿ ತಯಾರಿಕೆಯ ದೊಡ್ಡ ಕೇಂದ್ರವಾಗಿತ್ತು. 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಕುಶಲಕರ್ಮಿಗಳನ್ನೂ ಕಳುಹಿಸಿಕೊಡುವಂತೆ ಕೇಳಿದ್ದರು. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೇ ಬಂದಿತು. ಇಂದಿನ ಪಾಂಡವಪುರ ಅದೇ.

ಅರಸನಿಗಾಗಿ ತಯಾರಾದ ಬೇಟೆಕೋವಿಗಳ ಅಂದ ಕಣ್ಣು ಕೋರೈಸುವಂಥದು. ಹುಲಿಮೊಗದ ಅಲಂಕಾರ, ಹುಲಿಪಟ್ಟೆಯ ಚಿತ್ತಾರ, ಬೆಳ್ಳಿಯ ಕುಸುರಿ, ಪಾರಸಿ ಬರಹ, ಹೈದರನ ಹೆಸರಿನ ಮುದ್ರೆ ಇವೆಲ್ಲ ಅವುಗಳ ಮೇಲೆ ಕಾಣುತ್ತವೆ. ಊರನ್ನು ‘ಪಟನ್’ ಎಂದು ಕೆತ್ತಿ, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷವನ್ನು ಬಲದಿಂದ ಎಡಕ್ಕೆ ಅಂಕೆಗಳಲ್ಲಿ ಬರೆಯುತ್ತಿದ್ದರು. ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿಯ ಹೆಸರು ಇಂಥ ಕೋವಿಗಳಿಂದಾಗಿಯೇ ಉಳಿದುಬಂದಿದೆ.

ಆದರೆ ಇವೆಲ್ಲ ಚಕಮಕಿ ಕೋವಿಗಳು. ಕುದುರೆ ಎಳೆದು ಬಿಟ್ಟಾಗ ಅದರ ಬಾಯಲ್ಲಿರುವ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು; ಕಿಡಿ ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ತಾಗಬೇಕು; ಆ ಉರಿ ಸಣ್ಣ ತೂತಿನ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟಬೇಕು. ಕಲ್ಲು ಸವೆದಿದ್ದರೆ, ಮದ್ದು ತೇವಗೊಂಡಿದ್ದರೆ, ತೂತಿಗೆ ಮಸಿ ಕಟ್ಟಿದ್ದರೆ ಅರಸನ ಕೋವಿಯೂ ಒಂದೇ, ಆಳಿನ ಕೋವಿಯೂ ಒಂದೇ. ಬೆಳ್ಳಿಯ ಹುಲಿ ಒಂದು ಕಿಡಿಯನ್ನೂ ಹೆಚ್ಚಿಗೆ ಹಾರಿಸದು. ಕಲ್ಲು ಸರಿಯಾಗಿ ಬಡಿಯುವಂತೆ ಕೀಲು ಕೂಡಿಸುವುದು, ನಳಿಗೆಯನ್ನು ನೇರವಾಗಿ, ಸಮದಪ್ಪವಾಗಿ ಬಡಿದು ಕೊರೆಯುವುದು, ಹೆಗಲಿಗೆ ಹೊಂದುವಂತೆ ಮರದ ಹಿಡಿ ಕೆತ್ತುವುದು, ಬೆಲೆಯ ಸಾರ್ಥಕತೆ ಇರುವುದು ಈ ಕೆಲಸಗಳಲ್ಲಿ.

ಈ ಕಮ್ಮಟಗಳು ಬರಿಯ ಅಲಂಕಾರಕ್ಕೆ ನಿಲ್ಲಲಿಲ್ಲ ಎಂಬುದೂ ಗಮನಾರ್ಹ. ಒಂದೇ ನಳಿಗೆಯಲ್ಲಿ ಮದ್ದು, ಗುಂಡು, ಅದರ ಮೇಲೆ ಮತ್ತೆ ಮದ್ದು, ಗುಂಡು ತುಂಬಿ, ಮುಂದಿನದನ್ನು ಮೊದಲು, ಹಿಂದಿನದನ್ನು ಅನಂತರ ಹಾರಿಸುವ ಕೋವಿಯೂ ಇಲ್ಲಿ ತಯಾರಾಯಿತು. ಕೆಲಸ ಕಚ್ಚಾ ಆದರೆ ಎರಡೂ ಒಟ್ಟಿಗೆ ಸಿಡಿದು ನಳಿಗೆಯೇ ಒಡೆಯುವ ಅಪಾಯ. ಅಲ್ಲಿ ಹೆಚ್ಚಿನ ಮಜೂರಿ ಪ್ರಾಣರಕ್ಷಣೆಯ ಮಜೂರಿ.

ಮುಂದಿನ ಶತಮಾನದಲ್ಲಿ ತೋಟೆಗಳು ಬಂದವು. ಬೇಟೆಗೆ ನಳಿಗೆಯೊಳಗೆ ಸುರುಳಿ ಗೀರುಗಳಿರುವ ರೈಫಲ್ ಬಳಕೆಗೆ ಬಂದಿತು. ಆ ಗೀರು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ದಾರಿ ತಪ್ಪದು. ಲಂಡನ್ನಿನ ಕಸಬುದಾರರು ಭಾರತದ ರಾಜಮಹಾರಾಜರಿಗಾಗಿ ಜೋಡಿನಳಿಗೆ ರೈಫಲ್ ಮಾಡಿಕೊಡುತ್ತಿದ್ದರು. ಎರಡು ನಳಿಗೆಗಳ ಗುಂಡೂ ಒಂದೇ ಕಡೆ ಬೀಳುವವರೆಗೆ ಹಾರಿಸಿ ನೋಡಿ, ಬೆಸುಗೆ ಬಿಚ್ಚಿ, ಸರಿಪಡಿಸಿ, ಮತ್ತೆ ಹಾರಿಸುವ ಕೆಲಸ ಅದು. ಅದರ ದುಬಾರಿ ಬೆಲೆಗೆ ಕಾರಣವೂ ಇದೇ. ಆದರೆ ಬೆಂಗಳೂರಿನ ಶಿಕಾರಿ ಕೆನ್ನೆತ್ ಆಂಡರ್ಸನ್ ನೆಚ್ಚಿಕೊಂಡದ್ದು ಅಮೆರಿಕದ ಕಾರ್ಖಾನೆಯಲ್ಲಿ ತಯಾರಾದ .405 ವಿಂಚೆಸ್ಟರ್ ರೈಫಲನ್ನು. ನರಭಕ್ಷಕಗಳ ಜಾಡು ಹಿಡಿಯಲು ಅವರಿಗೆ ಅದು ಸಾಕಾಯಿತು. ಕೈಗೆ ಪಳಗಿದ ಸಾಧಾರಣ ರೈಫಲ್, ಪಳಗದ ಕೈಯಲ್ಲಿರುವ ದುಬಾರಿ ರೈಫಲಿಗಿಂತ ಮೇಲು.

ಹಾಗೆಂದು ಅಗ್ಗದ್ದೇ ಸಾಕೆನ್ನುವಂತಿಲ್ಲ. ಕಾರ್ಬೆಟ್ ಮತ್ತು ಆಂಡರ್ಸನ್ ಇಬ್ಬರೂ ಬರೆದಿರುವಂತೆ, ಅನೇಕ ಹುಲಿ, ಚಿರತೆಗಳು ನರಭಕ್ಷಕಗಳಾದದ್ದು ಗುಂಡೇಟಿನ ಗಾಯದಿಂದ. ಗುರಿತಪ್ಪಿದವನು ಮನೆಗೆ ಹೋಗಿ ಮಲಗುತ್ತಾನೆ. ಬೆಲೆ ತೆರುವವನು ಮರುದಿನ ಸೌದೆಗೆ ಹೋದ ಬಡವ. ನಂಬಿಕೆಗೆ ಅರ್ಹವಾದ ನಳಿಗೆ, ಕೀಲುಗಳಿಗೆ ತೆತ್ತ ಹಣ ವ್ಯರ್ಥವಲ್ಲ ಎನ್ನಲು ಇಷ್ಟು ಸಾಕು.

ಇನ್ನು ಇತಿಹಾಸದ ಪಾಲು. 1799ರ ಮೇ 4ರಂದು ಕೋಟೆ ಬಿದ್ದಾಗ ಬ್ರಿಟಿಷರು ಎಣಿಸಿದ ಬಂದೂಕುಗಳೇ ಸುಮಾರು 99,000. ಸಿಪಾಯಿಗಳ ಸಾದಾ ಬಂದೂಕುಗಳನ್ನು ಇಂದು ಕೇಳುವವರಿಲ್ಲ. ಅರಸನ ಕೋವಿಗಳು ಮಾತ್ರ ಕೊಳ್ಳೆಯ ಪಾಲಾಗಿ ಸಮುದ್ರ ದಾಟಿದವು. 2015ರಲ್ಲಿ ಲಂಡನ್ನಿನ ಹರಾಜಿನಲ್ಲಿ ಎರಡು ಈಡಿನ ಬೇಟೆಕೋವಿಯೊಂದು 7,22,500 ಪೌಂಡಿಗೆ ಮಾರಾಟವಾಯಿತು. 2019ರಲ್ಲಿ ಬ್ರಿಟನ್ನಿನ ಒಂದು ಮನೆಯ ಅಟ್ಟದಲ್ಲಿ ದೊರೆತ ಬೆಳ್ಳಿಕಟ್ಟಿನ ಕೋವಿಗೆ 60,000 ಪೌಂಡ್ ಬಂದಿತು. ಕೊಂಡವರಾರೂ ಅವುಗಳಿಂದ ಒಂದು ಮೊಲವನ್ನೂ ಹೊಡೆಯುವುದಿಲ್ಲ. ಹಿಂದೆ ಗುರಿಗೆ ನೆರವಾಗದ ಬೆಳ್ಳಿ, ಕುಸುರಿಗಳೇ ಇಂದು ಬೆಲೆಯನ್ನು ಹೊತ್ತಿವೆ!

ಇತ್ತ ಬೇಟೆಯ ಕಾಲವೇ ಮುಗಿದಿದೆ. 1972ರ ವನ್ಯಜೀವಿ ಕಾಯಿದೆ ಶಿಕಾರಿಯನ್ನು ನಿಲ್ಲಿಸಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಾಡು 1974ರಲ್ಲಿ ತೋಳಗಳಿಗಾಗಿ ಅಭಯಧಾಮವಾಯಿತು. ಕೃಷ್ಣರಾಜಪೇಟೆ, ನಾಗಮಂಗಲಗಳ ರೈತ ಬೆಳೆಯ ಕಾವಲಿಗೆ ಕೋವಿ ಬೇಕೆಂದರೆ 1959ರ ಶಸ್ತ್ರಾಸ್ತ್ರ ಕಾಯಿದೆ ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಟಿಪ್ಪುವಿನ ಕೋವಿಯ ಕುಲದ್ದೇ ಅದು, ಬೆಳ್ಳಿಯಿಲ್ಲ, ಕುಸುರಿಯಿಲ್ಲ. ಕಾಡುಹಂದಿಯನ್ನು ಬೆದರಿಸಲು ಅದರ ಸದ್ದೇ ಸಾಕು.

ಆದ್ದರಿಂದ ದುಬಾರಿ ಕೋವಿ ಬೆಲೆಗೆ ತಕ್ಕುದೇ ಎಂದು ಕೇಳಿದರೆ, ಯಾವ ಪಾಲಿಗೆ ಎಂದು ಮೊದಲು ಕೇಳಬೇಕು. ನಳಿಗೆಗೂ ಕೀಲಿಗೂ ಕೊಟ್ಟದ್ದು ಕಾಡಿನಲ್ಲಿ ಪ್ರಾಣ ಕಾಯುತ್ತಿತ್ತು. ಬೆಳ್ಳಿಗೆ ಕೊಟ್ಟದ್ದು ದರ್ಬಾರಿನಲ್ಲಿ ಮಾನ ತರುತ್ತಿತ್ತು. ಹುಲಿಯ ಮುಂದೆ ನಿಂತವನಿಗೆ ಬೇಕಾಗಿದ್ದುದು ಒಂದು ಒಳ್ಳೆಯ ಚಕಮಕಿ ಕಲ್ಲು, ಒಣಗಿದ ಮದ್ದು.