ಒಂದು ದೇಶಕ್ಕೆ ಎರಡು ಹೆಸರು



ರೇಷ್ಮೆ ಸಾಕುವ ಊರಿನವರಾದರೆ ನೀವು ಚಂದ್ರಿಕೆಯಲ್ಲಿ ಹುಳು ಗೂಡು ಕಟ್ಟುವುದನ್ನು ಕಂಡಿರುತ್ತೀರಿ. ಹಿಪ್ಪುನೇರಳೆ ಸೊಪ್ಪು ತಿಂದು ತಿಂಗಳೊಳಗೆ ಬೆಳೆಯುವ ಈ ಹುಳುವನ್ನು, ಅದನ್ನು ಕಾಣದವರು ಹೇಗೆ ಊಹಿಸಿಕೊಂಡಿದ್ದರು ಗೊತ್ತೇ? ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಲೇಖಕ ಪೌಸೇನಿಯಸ್ ಪ್ರಕಾರ ಅದು ಜೇಡದಂತೆ ಎಂಟು ಕಾಲಿನ ಜೀವಿ. ನಾಲ್ಕು ವರ್ಷ ಧಾನ್ಯ ತಿನ್ನುತ್ತದೆ, ಐದನೆಯ ವರ್ಷ ಹಸಿರು ಜೊಂಡು ತಿಂದು ಹೊಟ್ಟೆ ಬಿರಿದು ಸಾಯುತ್ತದೆ. ನೂಲು ಅದರ ಹೊಟ್ಟೆಯೊಳಗೆ ಸಿಗುತ್ತದೆ! ನಗಬೇಡಿ. ರೇಷ್ಮೆಯನ್ನು ಮರದ ಎಲೆಗಳಿಂದ ಬಾಚಿ ತೆಗೆಯುತ್ತಾರೆಂದು ಬರೆದ ರೋಮಿನ ಪ್ಲಿನಿಗಿಂತ ಈತನೇ ವಾಸಿ. ಹುಳುವೊಂದು ಇದೆಯೆಂದಾದರೂ ಬಲ್ಲ.

ಗ್ರೀಕರು ಆ ಹುಳುವನ್ನು ‘ಸೇರ್’ ಎನ್ನುತ್ತಾರೆ, ಆ ನಾಡಿನವರು ಬೇರೆ ಏನೋ ಎನ್ನುತ್ತಾರೆ ಎಂದೂ ಪೌಸೇನಿಯಸ್ ಹೇಳುತ್ತಾನೆ. ಸಾಕುವ ಜನ ‘ಸೇರೆಸ್’, ಅವರ ನಾಡು ‘ಸೇರಿಕೆ’. ಎಂದರೆ ರೇಷ್ಮೆಯವರು, ರೇಷ್ಮೆನಾಡು. ಚೀನೀ ಭಾಷೆಯಲ್ಲಿ ರೇಷ್ಮೆಗೆ ‘ಸಿ’ ಎಂಬ ಶಬ್ದವಿದೆ. ಅದೇ ಮಧ್ಯ ಏಷ್ಯದ ವರ್ತಕರ ಬಾಯಿಂದ ಬಾಯಿಗೆ ದಾಟಿ ‘ಸೇರ್’ ಆಯಿತೆಂಬುದು ಅನೇಕ ವಿದ್ವಾಂಸರ ಊಹೆ.

ಈ ಹೆಸರು ನೆಲದ ದಾರಿಯಲ್ಲಿ ಬಂದದ್ದು. ಇನ್ನೊಂದು ಕಡಲ ಮೇಲೆ ಬಂತು, ಅದೂ ನಮ್ಮ ದೇಶದ ಮೂಲಕ. 1ನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕರ ಕೈಪಿಡಿ ಗಂಗಾನದಿಯ ಆಚೆಗಿನ ದೂರದ ನಾಡಿನಲ್ಲಿ ‘ಥಿನ’ ಎಂಬ ದೊಡ್ಡ ಪಟ್ಟಣವನ್ನು ಹೆಸರಿಸುತ್ತದೆ. ಅಲ್ಲಿನ ರೇಷ್ಮೆ ಗುಜರಾತಿನ ಭರೂಚ್ ಬಂದರಿಗೆ ಬರುತ್ತಿತ್ತಂತೆ. ಅರ್ಥಶಾಸ್ತ್ರದಲ್ಲೂ ಕಾಳಿದಾಸನಲ್ಲೂ ಕಾಣುವ ನಮ್ಮ ‘ಚೀನ’ವೇ ಇದು. ಗ್ರೀಕರಿಗೆ ಚಕಾರವಿಲ್ಲ. ಆದ್ದರಿಂದ ಒಬ್ಬ ‘ಥಿನ’ ಎಂದ, ಇನ್ನೊಬ್ಬ ‘ಸಿನೈ’ ಎಂದ. ಇದರ ಬೇರು ಕ್ರಿ.ಪೂ. 221ರಲ್ಲಿ ಚೀನವನ್ನು ಒಂದುಗೂಡಿಸಿದ ‘ಚಿನ್’ ರಾಜ್ಯ ಎಂಬುದು ಹೆಚ್ಚಿನವರ ಮತ. ಸಾಮ್ರಾಜ್ಯವಾಗುವುದಕ್ಕೆ ಶತಮಾನಗಳ ಮೊದಲೇ ಆ ರಾಜ್ಯ ಪಶ್ಚಿಮದ ಗಡಿಯಲ್ಲಿತ್ತು. ನೆರೆಯವರಿಗೆ ಮೊದಲು ಕೇಳಿಸುವುದು ಗಡಿಯವರ ಹೆಸರೇ ತಾನೆ?

ಎರಡು ದಾರಿ, ಎರಡು ಹೆಸರು. 2ನೆಯ ಶತಮಾನದ ಭೂಗೋಳಜ್ಞ ಟಾಲೆಮಿ ಅವನ್ನು ಎರಡು ದೇಶಗಳೆಂದೇ ಬಗೆದು ಸೇರಿಕೆಯನ್ನು ಉತ್ತರದಲ್ಲಿ, ಸಿನೈ ಜನರನ್ನು ದಕ್ಷಿಣದಲ್ಲಿ ಇಟ್ಟ! 6ನೆಯ ಶತಮಾನದ ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಾಸ್‌ಗೆ ವಿಷಯ ತಿಳಿದಿತ್ತು. ರೇಷ್ಮೆಯ ನಾಡು ‘ಟ್ಸಿನಿಸ್ತಾ’ ಒಂದೇ, ಕಡಲ ದಾರಿ ಬಳಸು, ನೆಲದ ದಾರಿ ಹತ್ತಿರ ಎಂದು ಆತ ಬರೆದ.

ಆದರೂ ಯುರೋಪು ಮತ್ತೆ ಎಡವಿತು. ಮಾರ್ಕೊ ಪೋಲೊ ಹೇಳಿದ ‘ಕಥಾಯ್’, ಪೋರ್ಚುಗೀಸರು ಕಡಲಿನಿಂದ ಕಂಡ ‘ಚೀನ’ ಬೇರೆಬೇರೆಯೆಂದು ಬಹುಕಾಲ ನಂಬಿತ್ತು. ಇದನ್ನು ನೆಲದ ದಾರಿಯಲ್ಲೇ ಹೋಗಿ ಪರೀಕ್ಷಿಸಲು ಬೆಂಟೊ ದ ಗೋಯಿಸ್ ಎಂಬ ಜೆಸ್ಯುಯಿಟ್ ಸೋದರ 1602ರಲ್ಲಿ ಆಗ್ರಾದಿಂದ ಹೊರಟ. 1605ರಲ್ಲಿ ಚೀನದ ಗಡಿಯ ಪಟ್ಟಣ ಸೇರಿದ. ಎರಡೂ ಒಂದೇ ಎಂದು ಖಚಿತವಾಯಿತು. 1607ರಲ್ಲಿ ಅಲ್ಲೇ ತೀರಿಕೊಂಡ.